ಪಾದರಸಕ್ಕೆ ಮದ್ದಿದೆ, ಮಾಯವಿಲ್ಲ

“ಉಷ್ಣವಿದ್ಯುತ್ ಸ್ಥಾವರ ಅಂದರೆ ಬೂದಿಯ ಕಾಟ, ಅಷ್ಟೇ.”
ಕಾಪು ತಾಲೂಕಿನ ಎಲ್ಲೂರಿನವರು ಕಣ್ಣಾರೆ ಕಂಡದ್ದು ಬೂದಿಯನ್ನು ಮತ್ತು ಬಾವಿಗೆ ಇಳಿದ ಉಪ್ಪುನೀರನ್ನು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ 1200 ಮೆಗಾವ್ಯಾಟ್ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಹಾರದ ಹೊರೆ ಹೊರಿಸಿತು. ಪಾದರಸ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಯಾವ ಕಲ್ಲಿದ್ದಲಿನಲ್ಲೂ ಅದರ ಅಂಶ ಒಂದಿಷ್ಟು ಇದ್ದೇ ಇರುತ್ತದೆ. ಉರಿಯುವಾಗ ಆವಿಯಾಗುತ್ತದೆ, ಬೂದಿ ಹಿಡಿಯುವ ಯಂತ್ರಕ್ಕೆ ಅದು ಪೂರ್ತಿ ಸಿಗುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಚಿಮಣಿಯ ಹೊಗೆಯಲ್ಲಿ ಘನಮೀಟರಿಗೆ 0.03 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಹೊಗೆಗೆ ಸಕ್ರಿಯ ಇಂಗಾಲದ ಪುಡಿ ಊದಿದರೆ ಪಾದರಸ ಅದಕ್ಕೆ ಅಂಟುತ್ತದೆ. ಸರಿ, ಆದರೆ ಆ ಪುಡಿ ಬೂದಿಯ ಜೊತೆ ಸೇರುತ್ತದೆ. ಆ ಬೂದಿಯಲ್ಲಿ ಪಾದರಸ ಎಷ್ಟಿದೆ ಎಂಬುದು ಅದರಿಂದ ಇಟ್ಟಿಗೆ ಮಾಡುವವರು ಕೇಳಬೇಕಾದ ಪ್ರಶ್ನೆ.

“ನೀರಿಗೆ ಬ್ಯಾಕ್ಟೀರಿಯಾ ಬಿಟ್ಟರೆ ಅವು ಪಾದರಸವನ್ನು ತಿಂದು ಮುಗಿಸುತ್ತವೆ.”
ಸಂಶೋಧನೆಯ ಸುದ್ದಿ ಓದಿದವರೇ ಹೆಚ್ಚಾಗಿ ಹೀಗೆ ನಂಬುತ್ತಾರೆ. ಎಣ್ಣೆಯನ್ನಾದರೆ ಸೂಕ್ಷ್ಮಜೀವಿ ಒಡೆದು ಹಾಕೀತು. ಪಾದರಸ ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಪಾದರಸವನ್ನು ಆವಿಯಾಗಿಸುವುದು ನಿಜ. ಮುಚ್ಚಿದ ತೊಟ್ಟಿಯಲ್ಲಿ ಆ ಆವಿಯನ್ನು ಇಂಗಾಲದಲ್ಲಿ ಹಿಡಿದರೆ ಅದು ಶುದ್ಧೀಕರಣ. ತೆರೆದ ಕೆರೆಯಲ್ಲಿ ಮಾಡಿದರೆ ನೀರಿನ ವಿಷವನ್ನು ಗಾಳಿಗೆ ಕೊಟ್ಟಂತಾಯಿತು! ಇನ್ನು ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೆ ಜಾತಿಯವು ಅದನ್ನೇ ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅತಿ ಅಪಾಯಕಾರಿ ರೂಪವೆಂದರೆ ಇದೇ. ಹಾಗಾಗಿ ಯೋಚಿಸದೆ ಹೂಳೆತ್ತಿ ಆ ಕೆಸರನ್ನು ಕದಡುವುದೂ ಒಮ್ಮೊಮ್ಮೆ ತೊಂದರೆಯೇ.

“ನೀರನ್ನು ಕುದಿಸಿದರೆ ಸಾಕು.”
ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ. ಉಪ್ಪಾಗಲಿ ಲೋಹದ ಲವಣಗಳಾಗಲಿ ಹೋಗುವುದಿಲ್ಲ.

“ಕಡಲು ದೊಡ್ಡದು, ಎಲ್ಲ ಕರಗಿ ಹೋಗುತ್ತದೆ.”
ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಅದರ ಸಮೀಪದ ಕಡಲಿನ ಪಾದರಸದ ಬಗ್ಗೆ 1990ರಲ್ಲೇ ವೈಜ್ಞಾನಿಕ ಪ್ರಬಂಧ ಬಂದಿದೆ. ಈ ಉದ್ಯಮದಲ್ಲಿ ನಿಜವಾಗಿ ಫಲ ಕೊಟ್ಟ ಮದ್ದು ಸೋಡಾ ತಯಾರಿಸುವ ಪಾದರಸದ ಕೋಶಗಳನ್ನು ತೆಗೆದು ಮೆಂಬ್ರೇನ್ ತಂತ್ರಕ್ಕೆ ಹೋದದ್ದು. ಬಳಸದ ಪಾದರಸವನ್ನು ಯಾರೂ ತೊಳೆಯಬೇಕಾಗಿಲ್ಲ.

“ಹಾಗಾದರೆ ಮಲ್ಪೆ ಮೀನು ಬೇಡ.”
ಅವಸರ ಬೇಡ. ಮೀಥೈಲ್ ಪಾದರಸ ಒಂದನ್ನೊಂದು ತಿನ್ನುವ ಸರಪಳಿಯಲ್ಲಿ ಮೇಲೇರುತ್ತಾ ಹೆಚ್ಚುತ್ತದೆ. ಬಹುಕಾಲ ಬದುಕುವ ದೊಡ್ಡ ಶಾರ್ಕ್‌ನಲ್ಲಿ ಹೆಚ್ಚು. ಬೂತಾಯಿ, ಬಂಗುಡೆಯಲ್ಲಿ ಸಾಮಾನ್ಯವಾಗಿ ತೀರಾ ಕಡಿಮೆ. ಬಸುರಿಯರು ದೊಡ್ಡ ಬೇಟೆಮೀನುಗಳನ್ನು ಬಿಟ್ಟು ಬೂತಾಯಿ ಗಸಿ ಉಣ್ಣಬಹುದು.