ರೇಡಿಯೋ ಸಿಕ್ಕಿತು, ಬ್ಯಾಟರಿ ಎಲ್ಲಿ?

“ನೀನು ಇಂಜಿನಿಯರ್ ಅಲ್ವಾ?”

ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತೆ. ಊರಿಗೆ ಹೋದರೆ ದೊಡ್ಡಪ್ಪನ ಮನೆ ಮಿಕ್ಸಿ, ಅತ್ತೆಯ ಟಿವಿ ರಿಮೋಟು, ಎಲ್ಲ ನನ್ನ ಮುಂದೆ ಬಂದು ಕೂರುತ್ತವೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿದ್ದು ಹೌದು. ಆದರೆ ಎಂಟು ವರ್ಷದಿಂದ ಹೊಟ್ಟೆಪಾಡು ಜಾವಾ ಕೋಡು. ಸೋಲ್ಡರಿಂಗ್ ಐರನ್ ಕೊನೇ ಸಲ ಹಿಡಿದದ್ದು ಆರನೇ ಸೆಮಿಸ್ಟರಿನ ಲ್ಯಾಬಿನಲ್ಲಿ, ಅದೂ ಪಕ್ಕದವನದ್ದು ಇಸಕೊಂಡು.

ಕಳೆದ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಅಮೆರಿಕದ ಒಹಾಯೋದಲ್ಲಿ ಬಂತು. ಕೇಳಿದವರು ಪಕ್ಕದ ಮನೆಯ ಅಜ್ಜ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಜ್ಜ ಅಂತಲೇ ಕರೀತೀನಿ. 1969ರಲ್ಲಿ ಇಪ್ಪತ್ತರ ಹುಡುಗನಾಗಿ ವಿಯೆಟ್ನಾಂನಲ್ಲಿ ಬೆನ್ನ ಮೇಲೆ ರೇಡಿಯೋ ಹೊತ್ತು ನಡೆದವರು. ಈಗ ಅವರ ಗ್ಯಾರೇಜಿನಲ್ಲಿ ಎಂ-151 ಜೀಪು ಇದೆ, ಪಿಆರ್‌ಸಿ-77 ಅನ್ನೋ ಹಸಿರು ಪೆಟ್ಟಿಗೆಯೊಂದು ಇದೆ. ಮೇ ತಿಂಗಳ ಕೊನೇ ಸೋಮವಾರ ಇಲ್ಲಿ ಮೆಮೋರಿಯಲ್ ಡೇ, ಊರಿನ ಮೆರವಣಿಗೆಯಲ್ಲಿ ಆ ಜೀಪು ಹೋಗುತ್ತೆ. ಈ ಸಲ ಅವರ ಅಂದಿನ ತುಕಡಿಯ ಗೆಳೆಯರೊಬ್ಬರು ಇಂಡಿಯಾನಾದಿಂದ ಬರೋರಿದ್ದರು. ಆ ಗೆಳೆಯರ ಹತ್ತಿರ ಇದರ ಅಣ್ಣ, ಪಿಆರ್‌ಸಿ-25 ಇದೆಯಂತೆ. ಅವರ ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟಿದ್ದಾರೆ, ಮಗಳು ಕರಕೊಂಡು ಬರ್ತಾಳೆ.

“ಮುಂದಿನ ವರ್ಷ ಅವನು ಬರ್ತಾನೋ ಇಲ್ಲವೋ. ಒಂದೇ ಒಂದು ಸಲ ರೇಡಿಯೋದಲ್ಲಿ ಮಾತಾಡಬೇಕು,” ಅಂದರು ಅಜ್ಜ.

ಅದಕ್ಕೇನು, ಫೋನಿದೆಯಲ್ಲ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಸದ್ಯ, ನುಂಗಿಕೊಂಡೆ.

ಪಿಆರ್‌ಸಿ-77 ಅಂದರೆ ಯುದ್ಧದ ಸಿನಿಮಾಗಳಲ್ಲಿ ಸೈನಿಕನ ಬೆನ್ನಿನಿಂದ ಪಟ್ಟಿಯಂಥ ಏರಿಯಲ್ ಮೇಲೆದ್ದು ನಿಂತಿರುತ್ತಲ್ಲ, ಆ ಪೆಟ್ಟಿಗೆ. ಎರಡು ಗುಂಡಿಗಳನ್ನು ಟಕ್ ಟಕ್ ಅಂತ ತಿರುಗಿಸಿದರೆ 30ರಿಂದ ಸುಮಾರು 76 ಮೆಗಾಹರ್ಟ್ಜ್‌ವರೆಗೆ 920 ಚಾನೆಲ್. ಗಟ್ಟಿ ಮಾಲು. ತೆರೆದು ನೋಡಿದರೆ ಒಳಗೆಲ್ಲ ಹೊಸದರ ಹಾಗೆ ಹೊಳೀತಿತ್ತು. ಆದರೆ ಕೆಳಗಿನ ಬ್ಯಾಟರಿ ಡಬ್ಬಿ ಖಾಲಿ. ಅಲ್ಲಿ ಕೂರಬೇಕಾದ ಬಿಎ-386 ಅನ್ನೋ ಬ್ಯಾಟರಿಯ ಕಾಲ ಎಂದೋ ಮುಗಿದಿದೆ. ಹಳೇದು ಎಲ್ಲೋ ಸಿಕ್ಕರೂ ಒಳಗೆ ಒಣಗಿ ಕೂತಿರುತ್ತೆ. ಈ ಹವ್ಯಾಸದಲ್ಲಿ ನಾನು ಕಲಿತ ಮೊದಲ ಪಾಠ ಇದೇ. ರೇಡಿಯೋವನ್ನು ಜನ ಜೋಪಾನ ಮಾಡ್ತಾರೆ, ಅದಕ್ಕೆ ಉಸಿರು ಕೊಡೋ ಡಬ್ಬಿ, ಕೇಬಲ್, ಬ್ಯಾಟರಿಗಳನ್ನು ಗುಜರಿಗೆ ಹಾಕ್ತಾರೆ. ಆಮೇಲೆ ಐವತ್ತು ವರ್ಷ ಬಿಟ್ಟು ನನ್ನಂಥವರು ಆ ಕೇಬಲ್ ಹುಡುಕುತ್ತಾ ಅಲೀತಾರೆ.

ಊರಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಈ ಕತೆ ಹೇಳಿದರೆ ಅವರು ನಕ್ಕರು. ಅರಸೀಕೆರೆ ಹತ್ತಿರದ ನಮ್ಮ ತಾತನ ಮನೆಗೆ ಕರೆಂಟು ಬರೋ ಮುಂಚೆ ಒಂದು ವಾಲ್ವ್ ರೇಡಿಯೋ ಇತ್ತಂತೆ. ಅದಕ್ಕೆ ಇಟ್ಟಿಗೆಗಿಂತ ದೊಡ್ಡ ಬ್ಯಾಟರಿ ಪ್ಯಾಕು ಪೇಟೆಯಿಂದ ಬರಬೇಕು. ವಾರ್ತೆ ಮುಗಿದ ತಕ್ಷಣ ತಾತ ಪಟ್ ಅಂತ ಆಫ್ ಮಾಡೋರು, ಹಾಡು ಕೇಳಬೇಕು ಅಂದ್ರೆ ಹಬ್ಬ ಬರಬೇಕಿತ್ತು. ಸತ್ತ ಪ್ಯಾಕು ಅಜ್ಜಿಗೆ ಹಿತ್ತಲಲ್ಲಿ ಕೂರೋ ಮಣೆ.

ಅಷ್ಟು ದೊಡ್ಡ ಪ್ಯಾಕು ಯಾಕೆ ಅಂದರೆ, ವಾಲ್ವಿಗೆ ಎರಡು ಥರದ ಊಟ ಬೇಕು. ಒಳಗಿನ ತಂತಿ ಕಾಯಲು ಒಂದೆರಡು ವೋಲ್ಟು, ಇನ್ನೊಂದು ಕಡೆ ಎಲೆಕ್ಟ್ರಾನುಗಳನ್ನು ಎಳೆಯಲು ತೊಂಬತ್ತೋ ನೂರೈವತ್ತೋ ವೋಲ್ಟು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಬೆನ್ನಿಗೆ ಹೊತ್ತ ಎಸ್‌ಸಿಆರ್-300ದಲ್ಲಿ 18 ವಾಲ್ವುಗಳಿದ್ದವು. ಅದರ ಬ್ಯಾಟರಿ ಒಂದೇ ಡಬ್ಬಿಯಲ್ಲಿ 4.5, 90, 150 ವೋಲ್ಟು ಮೂರನ್ನೂ ಕೊಡಬೇಕಿತ್ತು. ಯಾವ ಬ್ಯಾಟರಿ ಹಾಕಿದ್ದಾರೆ ಅನ್ನೋದರ ಮೇಲೆ ಸೈನಿಕನ ಬೆನ್ನಿನ ಭಾರ ಹದಿನಾಲ್ಕೂವರೆ ಕಿಲೋನೋ ಹದಿನೇಳೋ ಅಂತ ತೀರ್ಮಾನ ಆಗ್ತಿತ್ತು. ಕೊರಿಯಾ ಯುದ್ಧದ ಕಾಲದ ಪಿಆರ್‌ಸಿ-10ರ ಬ್ಯಾಟರಿಗೆ ಒಂದಲ್ಲ, ನಾಲ್ಕು ವೋಲ್ಟೇಜು: 1.5, 6, 67.5, 135. ಆಮೇಲೆ ಟ್ರಾನ್ಸಿಸ್ಟರ್ ಬಂದು ಈ ರಗಳೆ ತಗ್ಗಿತು. 1960ರ ದಶಕದ ಪಿಆರ್‌ಸಿ-25ರಲ್ಲಿ ಉಳಿದದ್ದು ಒಂದೇ ವಾಲ್ವು, ಸಿಗ್ನಲ್ ಕಳಿಸೋ ಕೊನೇ ಹಂತದಲ್ಲಿ. 77ರಲ್ಲಿ ಅದೂ ಇಲ್ಲ. ಆ ಒಂಟಿ ವಾಲ್ವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದು ಕೊನೆಗೆ ನನ್ನ ಮಾನ ಕಳೆಯೋದರಲ್ಲಿತ್ತು.

ಬೆನ್ನ ಮೇಲಿದ್ದಾಗ ಬ್ಯಾಟರಿ. ಅದೇ ರೇಡಿಯೋ ಜೀಪು ಹತ್ತಿದರೆ? ಜೀಪಿನಲ್ಲೇ ಬ್ಯಾಟರಿ ಇದೆಯಲ್ಲ, ಎರಡು ವೈರು ಎಳೆದರಾಯ್ತು ಅಂತ ನಾನೂ ಅಂದುಕೊಂಡಿದ್ದೆ. ಮಹಾಯುದ್ಧದ ಜೀಪಿನ ಬ್ಯಾಟರಿ 6 ವೋಲ್ಟಿನದು. ಅದನ್ನು ನೂರೈವತ್ತು ಮಾಡೋದಕ್ಕೆ ಎರಡು ಉಪಾಯ ಇದ್ದವು. ಒಂದು ವೈಬ್ರೇಟರ್: ಸ್ಪ್ರಿಂಗಿನ ನಾಲಿಗೆಯೊಂದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಪಟಪಟ ಬಡಿದು ನೇರ ವಿದ್ಯುತ್ತನ್ನು ತುಂಡು ತುಂಡು ಮಾಡುತ್ತೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತೆ. ಇನ್ನೊಂದು ಡೈನಮೋಟರ್: ಒಂದೇ ದಂಡದ ಮೇಲೆ ಮೋಟರೂ ಜನರೇಟರೂ. ಹಾಗಾಗಿ ಎಸ್‌ಸಿಆರ್-300 ಟ್ಯಾಂಕು ಹತ್ತುವಾಗ ಪಿಇ-117 ಅನ್ನೋ ವೈಬ್ರೇಟರ್ ಪೆಟ್ಟಿಗೆಯೂ ಜೊತೆಗೆ ಹತ್ತುತ್ತಿತ್ತು. ವಾಹನದ ಸ್ಪಾರ್ಕ್ ಪ್ಲಗ್ಗುಗಳ ಚಟಚಟವನ್ನು ರೇಡಿಯೋ ಕೇಳಿಸಿಕೊಳ್ಳದ ಹಾಗೆ ಅಡಗಿಸೋದು ಬೇರೆಯೇ ಒಂದು ಕೆಲಸ. ಅದು ಆಗಿರೋ ಜೀಪಿನ ಬಾನೆಟ್ ನಂಬರಿನ ಕೊನೆಗೆ ‘ಎಸ್’ ಅಂತ ಅಕ್ಷರ ಬರೀತಿದ್ದರು. ಹಳೇ ಫೋಟೋಗಳಲ್ಲಿ ಈಗ ನಾನು ಮೊದಲು ಹುಡುಕೋದೇ ಅದನ್ನ.

ಯುದ್ಧದ ನಂತರ ಅಮೆರಿಕದ ಸೇನಾ ಜೀಪುಗಳು 24 ವೋಲ್ಟಿಗೆ ಬದಲಾದವು. ಅಜ್ಜನ ಜೀಪಿನಲ್ಲೂ 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿವೆ. ರೇಡಿಯೋಗೆ ಬೇಕಾದ್ದು ಹನ್ನೆರಡರಿಂದ ಹದಿನೈದು. ಒಂದೇ ಬ್ಯಾಟರಿಯಿಂದ ವೈರು ಎಳೆದುಬಿಡೋಣ ಅಂದರು ಅಜ್ಜ. ಮನೆಯಲ್ಲಿ ಎರಡು ಬ್ಯಾಟರಿಯ ಇನ್ವರ್ಟರ್ ಇರೋರಿಗೆ ಇದರ ಆಪತ್ತು ಗೊತ್ತಿರುತ್ತೆ. ಒಂದು ಖಾಲಿಯಾಗ್ತಾ ಹೋಗುತ್ತೆ, ಇನ್ನೊಂದಕ್ಕೆ ಚಾರ್ಜ್ ಅತಿಯಾಗುತ್ತೆ, ಕೊನೆಗೆ ಎರಡೂ ಹಾಳು.

ನಾನು ಬುದ್ಧಿವಂತನಲ್ವಾ! ಆನ್‌ಲೈನಿನಲ್ಲಿ ಅಂಗೈಯಗಲದ ಒಂದು ಕನ್ವರ್ಟರ್ ತರಿಸಿದೆ. 24 ಕೊಟ್ಟರೆ 13.8 ಬರುತ್ತೆ. ಮೀಟರಿನಲ್ಲಿ ನೋಡಿದರೆ ಚಿನ್ನದಂಥ ವೋಲ್ಟೇಜು. ರೇಡಿಯೋ ಹಚ್ಚಿದರೆ ಕರೀ ಹಂಚಿನ ಮೇಲೆ ಎಣ್ಣೆ ಸಿಡಿದ ಹಾಗೆ ಒಂದೇ ಸಮ ಸದ್ದು, ಬೇರೇನೂ ಕೇಳದು. ಅಗ್ಗದ ಕನ್ವರ್ಟರುಗಳು ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕತ್ತರಿಸ್ತವೆ. ಆ ಕತ್ತರಿಯ ಸದ್ದು ಮೂವತ್ತು, ಐವತ್ತು ಮೆಗಾಹರ್ಟ್ಜ್‌ವರೆಗೂ ಚೆಲ್ಲುತ್ತೆ, ಅಂದರೆ ಸರಿಯಾಗಿ ಈ ರೇಡಿಯೋದ ಕಿವಿಯೊಳಕ್ಕೆ. ಎರಡು ವಾರ ಫಿಲ್ಟರು, ಫೆರೈಟ್ ಉಂಗುರ, ಅಲ್ಯೂಮಿನಿಯಂ ಫಾಯಿಲು ಅಂತ ಗುದ್ದಾಡಿದೆ. ಫಾಯಿಲು ಅಡುಗೆಮನೆಯಿಂದ ಮಾಯ ಆಗ್ತಿದ್ದದ್ದಕ್ಕೆ ನನ್ನ ಹೆಂಡತಿ ಇವತ್ತಿಗೂ ಲೆಕ್ಕ ಕೇಳ್ತಾಳೆ.

ಅಷ್ಟರಲ್ಲಿ ಮೇ ಮಧ್ಯ ಬಂತು. ನಮ್ಮ ಒಹಾಯೋದಲ್ಲಿ ಆಗ ಹ್ಯಾಂವೆನ್ಷನ್, ಹ್ಯಾಮ್ ರೇಡಿಯೋದವರ ದೊಡ್ಡ ಜಾತ್ರೆ. ಜೀನಿಯಾ ಅನ್ನೋ ಊರಿನ ಮೈದಾನದಲ್ಲಿ ನಡೆಯುತ್ತೆ. ಘಾಟಿ ದನಗಳ ಜಾತ್ರೆ ನೋಡಿದ್ದೀರಲ್ಲ, ದನ ಇರೋ ಕಡೆಯೆಲ್ಲ ರೇಡಿಯೋ ಇಟ್ಟುಬಿಡಿ, ಹಾಗೆ. ಅಜ್ಜನೂ ನಾನೂ ಬೆಳಿಗ್ಗೆಯೇ ಹೋದೆವು.

ಅಲ್ಲೊಬ್ಬರು ಹುಲ್ಲಿನ ಮೇಲೆ ಜಿಆರ್‌ಸಿ-9 ಹರಡಿಕೊಂಡಿದ್ದರು. ಸಿಪಾಯಿಗಳ ಬಾಯಲ್ಲಿ ಇದು ‘ಆಂಗ್ರಿ ನೈನ್’. ವಾಹನದಲ್ಲಿ ಹೋಗುವಾಗ ಇದಕ್ಕೆ 6, 12, 24 ಯಾವುದು ಕೊಟ್ಟರೂ ಒಪ್ಪೋ ಡೈನಮೋಟರ್ ಇತ್ತು. ವಾಹನವೇ ಇಲ್ಲದ ಕಡೆ ಕೈಯಿಂದ ತಿರುಗಿಸೋ ಜನರೇಟರ್, ಕೂತುಕೊಳ್ಳೋಕೆ ಸೀಟು, ಎರಡೂ ಕಡೆ ಹಿಡಿ. “ಕೂರು, ತಿರುಗಿಸು” ಅಂದರು. ಕೂತೆ. ಮೊದಲು ಸೈಕಲ್ ಪೆಡಲಿನ ಹಾಗೆ ಹಗುರ ಇತ್ತು. ಅವರು ಅತ್ತ ಮೋರ್ಸ್ ಕೀ ಒತ್ತಿದರು ನೋಡಿ, ಹಿಡಿ ಗಪ್ ಅಂತ ಭಾರ ಆಯಿತು. ಕೀ ಬಿಟ್ಟರೆ ಹಗುರ, ಒತ್ತಿದರೆ ಭಾರ. ಉದ್ದ, ಗಿಡ್ಡ, ಉದ್ದ. ಅವರು ಕಳಿಸ್ತಿದ್ದ ಅಕ್ಷರಗಳು ಕಿವಿಗೆ ಬರೋ ಮುಂಚೆ ನನ್ನ ತೋಳಿಗೆ ಬರ್ತಿದ್ದವು. ನಾಲ್ಕು ವರ್ಷ ‘ಲೋಡ್’ ಅನ್ನೋ ಪದ ಬರೆದು ಬರೆದು ಪಾಸಾದವನಿಗೆ ಲೋಡ್ ಅಂದರೇನು ಅಂತ ಅವತ್ತು ತಿಳೀತು. ಎರಡೇ ನಿಮಿಷಕ್ಕೆ ಏದುಸಿರು ಬಂತು, ಎದ್ದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಟೇಬಲ್ಲಿನ ಅಡಿಯಲ್ಲಿ ಸಿಕ್ಕಿತು ಎಎಂ-2060. ಪಿಆರ್‌ಸಿ-25 ಮತ್ತು 77ರ ಜೀಪಿನ ಜೊತೆಗಾರ. ಬ್ಯಾಟರಿ ಡಬ್ಬಿ ಕಳಚಿ ರೇಡಿಯೋವನ್ನು ಇದಕ್ಕೆ ಜೋಡಿಸಿದರೆ ಜೀಪಿನ 24 ವೋಲ್ಟನ್ನು ರೇಡಿಯೋಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುತ್ತೆ. ಹೆಸರಿನಲ್ಲಿ ಆಂಪ್ಲಿಫೈಯರ್ ಅಂತ ಇರೋದು ನೋಡಿ ಸಿಗ್ನಲ್ ಹೆಚ್ಚಿಸುತ್ತೆ ಅಂದುಕೊಂಡು ಮೋಸ ಹೋಗೋರಿದ್ದಾರೆ. ಹೆಚ್ಚಿಸೋದು ಸ್ಪೀಕರಿನ ಸದ್ದನ್ನು ಮಾತ್ರ, ಓಡೋ ಜೀಪಿನಲ್ಲಿ ಕೇಳಿಸಬೇಕಲ್ಲ. ಗಾಳಿಗೆ ಹೋಗೋದು ಅದೇ ಒಂದೂವರೆ ಎರಡು ವಾಟು. ಕೇಬಲ್ ಬೇರೆ ಟೇಬಲ್ಲಿನಲ್ಲಿ ಸಿಕ್ಕಿತು. ಪೆಟ್ಟಿಗೆಗಿಂತ ಕೇಬಲ್ಲಿಗೇ ಹೆಚ್ಚು ಕೇಳಿದ! ಅಜ್ಜ ಚೌಕಾಸಿ ಮಾಡಲಿಲ್ಲ. ನಾನು ಬಿಡ್ತೀನಾ?

ಮನೆಗೆ ತಂದು ನೇರ ಜೀಪಿಗೆ ಸಿಕ್ಕಿಸಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಟೇಬಲ್ಲಿನ ಮೇಲೆ ಕರೆಂಟಿಗೆ ಮಿತಿ ಹಾಕಿದ ಸಪ್ಲೈಯಿಂದ ನಿಧಾನ ಏರಿಸಿದೆ. ಬಳಲಿದ ಒಂದು ಕೆಪಾಸಿಟರ್, ಪುಡಿಯಾಗ್ತಿದ್ದ ಒಂದು ವೈರು ಬದಲಾಯಿಸಿದೆ. ಕೈ ನಡುಗ್ತಿತ್ತು, ಸೋಲ್ಡರು ಉಂಡೆ ಉಂಡೆ. ಆದರೂ ಬುಧವಾರ ರಾತ್ರಿ ಜೀಪಿನಲ್ಲಿ ರೇಡಿಯೋ ಹಚ್ಚಿದಾಗ ಆ ಎಣ್ಣೆ ಸಿಡಿಯೋ ಸದ್ದು ಇರಲಿಲ್ಲ. ಬರೀ ಮಳೆ ಜಿನುಗಿದ ಹಾಗೆ ಮೆತ್ತಗಿನ ಶ್ಶ್... ಅಜ್ಜ ಅದನ್ನೇ ಹತ್ತು ನಿಮಿಷ ಕೇಳ್ತಾ ಕೂತರು. ನಾನು ಮನೆಗೆ ಬಂದೆ.

ಗೆಳೆಯರ ಪಿಆರ್‌ಸಿ-25ಕ್ಕೂ ಬ್ಯಾಟರಿ ಇರಲಿಲ್ಲ. ಅದಕ್ಕೆ ಟಾರ್ಚಿಗೆ ಹಾಕೋ ದಪ್ಪ ಸೆಲ್ಲು ಹತ್ತನ್ನು ಸಾಲಾಗಿ ಜೋಡಿಸಿ ಪ್ಯಾಕು ಮಾಡಿಟ್ಟೆ. ಹತ್ತು ಒಂದೂವರೆ ಹದಿನೈದು, ಬಿಎ-386 ಕೊಡ್ತಿದ್ದಷ್ಟೇ.

ಸೋಮವಾರ ಬೆಳಿಗ್ಗೆ ಅವರು ಬಂದರು. ಇಬ್ಬರೂ ಮುದುಕರು ತಬ್ಬಿಕೊಂಡರು, ಬೈದುಕೊಂಡರು. ಮೆರವಣಿಗೆಗೆ ಇನ್ನು ಒಂದು ಗಂಟೆ. ಇಲ್ಲಿ ಹಳೇ ಸೇನಾ ರೇಡಿಯೋದವರು ಸೇರೋ ಜಾಗ 51 ಮೆಗಾಹರ್ಟ್ಜ್. ಅದು ಹ್ಯಾಮ್ ಬ್ಯಾಂಡು, ನನ್ನ ಹತ್ತಿರ ಲೈಸೆನ್ಸಿದೆ, ನಾನು ನಿಂತು ನೋಡಿಕೊಂಡರೆ ಅವರು ಮಾತಾಡಬಹುದು. ಅಜ್ಜ ಜೀಪಿನಿಂದ ಕರೆದರು. ಮೈದಾನದ ಆ ತುದಿಯಲ್ಲಿ ಗೆಳೆಯರು ಕೈ ಎತ್ತಿ ತೋರಿಸಿದರು, ಕೇಳಿಸ್ತಿದೆ ಅಂತ. ಅವರು ಹ್ಯಾಂಡ್‌ಸೆಟ್ಟಿನ ಗುಂಡಿ ಒತ್ತಿ ಏನೋ ಹೇಳಿದರು. ಇತ್ತ ಏನೂ ಇಲ್ಲ. ಮತ್ತೆ ಹೇಳಿದರು. ಇಲ್ಲ.

ನನ್ನ ಬೆವರು ಇಳೀತು. ಏರಿಯಲ್ ನೋಡಿದೆ, ಹ್ಯಾಂಡ್‌ಸೆಟ್ ಬದಲಾಯಿಸಿದೆ. ಕೇಳಿಸುತ್ತೆ, ಕಳಿಸೋಕೆ ಆಗಲ್ಲ. ಕೇಳಿಸುತ್ತೆ ಅಂದ ಮೇಲೆ ಬ್ಯಾಟರಿ ಸರಿ ಇದೆ... ಅಷ್ಟರಲ್ಲಿ ಹೊಳೀತು. ಆ ಒಂಟಿ ವಾಲ್ವು! ಕಳಿಸುವಾಗ ಮಾತ್ರ ಕೆಲಸ ಮಾಡೋದು ಅದು, ಅದರ ತಂತಿ ಕಾಯಲು 3 ವೋಲ್ಟು ಬೇರೆ ಬೇಕು. ಬಿಎ-386 ಹದಿನೈದರ ಜೊತೆ ಆ ಮೂರನ್ನೂ ಕೊಡ್ತಿತ್ತು. ನಾನು 77ಕ್ಕೆ ಬೇಕಾದಷ್ಟು ಮಾತ್ರ ಲೆಕ್ಕ ಹಾಕಿ, ಅಣ್ಣನಿಗೆ ತಮ್ಮನ ಊಟ ಬಡಿಸಿದ್ದೆ.

“ಎರಡು ಸೆಲ್ಲು ಬೇಕು, ದಪ್ಪಂದು” ಅಂತ ಕೂಗಿದೆ. ಗೆಳೆಯರ ಮಗಳು ಕಾರಿಗೆ ಓಡಿ ಒಂದು ಉದ್ದನೆ ಟಾರ್ಚು ತಂದಳು. ಅದರ ಹೊಟ್ಟೆ ಬಿಚ್ಚಿ ಎರಡು ಸೆಲ್ಲು ತೆಗೆದು, ವೈರು ಸುತ್ತಿ, ಟೇಪು ಬಿಗಿದು, ಪ್ಯಾಕಿನ ಪಕ್ಕ ತುರುಕಿದೆ. ಬ್ಯಾಟರಿ ಡಬ್ಬಿಯ ಮುಚ್ಚಳ ಹಾಕೋಕೆ ಆಗಲಿಲ್ಲ, ಆಕೆಯ ತಲೆಗೂದಲಿನ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆವು.

ಗೆಳೆಯರು ಗುಂಡಿ ಒತ್ತಿದರು. ಜೀಪಿನ ಸ್ಪೀಕರಿನಲ್ಲಿ ಆ ಶ್ಶ್ ನಿಂತಿತು. ಒಂದು ಕ್ಷಣ ಏನೂ ಇಲ್ಲ, ಬರೀ ಮೌನ. ಆಮೇಲೆ ಅಜ್ಜನ ಅಂದಿನ ಕರೆ-ಹೆಸರು ಹಿಡಿದು ಒಂದು ಧ್ವನಿ ಕೇಳಿತು: “ಬ್ಯಾಟರಿ ಮತ್ತೆ ನೀನೇ ಮರೆತು ಬಂದಿಯಾ?”

ಅಜ್ಜ ಉತ್ತರ ಕೊಡೋಕೆ ಹ್ಯಾಂಡ್‌ಸೆಟ್ ಎತ್ತಿದರು, ಗುಂಡಿ ಒತ್ತಲಿಲ್ಲ. ಸುಮಾರು ಹೊತ್ತು ಹಾಗೇ ಹಿಡಿದುಕೊಂಡಿದ್ದರು. ನಾನು ಜೀಪಿನ ಆ ಕಡೆ ಹೋಗಿ ಏರಿಯಲ್ ಸರಿ ಮಾಡೋ ಹಾಗೆ ನಿಂತೆ.