ಒಲವೂ ಉದ್ಯೋಗವೂ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಶಿವಮೊಗ್ಗೆಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಮಗನು ಚಿತ್ರಕಲೆಯನ್ನು ಕಲಿಯುವೆನೆನ್ನುತ್ತಾನೆ. ಮಗಳು ನಾಟಕರಂಗವನ್ನೇ ಹಿಡಿಯುವೆನೆನ್ನುತ್ತಾಳೆ. ತಂದೆತಾಯಿಗಳು ತಿಂಗಳ ಸಂಬಳ ತಪ್ಪದ ಉದ್ಯೋಗವನ್ನು ಬಯಸುತ್ತಾರೆ. ಯಾರ ಮಾತನ್ನು ನಡೆಸಬೇಕು? ಇದನ್ನು ನಾವು ಈಗ ಸ್ವಲ್ಪ ವಿಚಾರಮಾಡೋಣ.

ಹಿರಿಯರ ಪಕ್ಷವನ್ನು ಮೊದಲು ಕೇಳುವುದು ನ್ಯಾಯ. ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಕಾಡುಗಳ ಇದ್ದಿಲೂ ಕೂಡಿ ಅಲ್ಲಿ ಕಬ್ಬಿಣವಾದುವು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಎಷ್ಟೋ ಸಂಸಾರಗಳಿಗೆ ಇವುಗಳಿಂದ ಅನ್ನವೂ ವಸತಿಯೂ ದೊರೆತುವು. ಹಸಿವನ್ನು ಬಲ್ಲವರು ಭದ್ರತೆಯನ್ನು ಬಯಸಿದರೆ ಅದನ್ನು ಹೇಡಿತನವೆನ್ನಲಾಗದು.

ಆದರೆ ಭದ್ರತೆಯೂ ಶಾಶ್ವತವಲ್ಲ. ಕಾಗದದ ಕಾರ್ಖಾನೆಯು 2015ರಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಜನವರಿಯಲ್ಲಿ ಹೊರಟಿತು; ಅದೇ ವರ್ಷ ಕೆಲಸದ ಒಂದು ಭಾಗವು ಮತ್ತೆ ನಡೆಯತೊಡಗಿದರೂ ಊರಿನ ಕಳವಳವು ಸಾಮಾನ್ಯವಾದುದಾಗಿರಲಿಲ್ಲ. ಸಂಬಳವೊಂದನ್ನೇ ನೆಚ್ಚಿ ಮನಸ್ಸಿಲ್ಲದ ಕೆಲಸವನ್ನು ಹಿಡಿದವನಿಗೆ, ಆ ಸಂಬಳವು ತಪ್ಪಿದ ದಿನ ಉಳಿಯುವುದೇನು?

ಹಾಗಾದರೆ ಒಲವನ್ನೇ ನೆಚ್ಚಬಹುದೇ? ಅದೇ ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದರು. ಮೊದಲನೆಯ ಸರದಿಯಲ್ಲಿ ಅವರಿಗೆ ದೊರೆತುದು ಸೊನ್ನೆ. ಎರಡನೆಯದರಲ್ಲಿ 137 ಓಟಗಳು. ಈ 137ನ್ನು ತರುಣರು ಬೇಗನೆ ನೆನೆಯುತ್ತಾರೆ. ಆ ಸೊನ್ನೆಯನ್ನೂ ನೆನೆಯಬೇಕು. ಅಂತಹುದೇ ಸೊನ್ನೆಯನ್ನು ಪಡೆದು, ಹೆಸರು ಕೇಳಿಬಾರದೆ ಹೋದ ಆಟಗಾರರೆಷ್ಟೋ ಮಂದಿ. ಗೆದ್ದವರನ್ನು ಮಾತ್ರ ಎಣಿಸಿ ಲೆಕ್ಕ ಹಾಕಿದರೆ ಅದು ತಪ್ಪು ಲೆಕ್ಕವೇ ಸರಿ.

ಒಲವಿನಲ್ಲಿ ಎರಡು ಬಗೆಯುಂಟು. ಕೆಲಸದ ಫಲವನ್ನು ಪ್ರೀತಿಸುವುದು ಒಂದು. ಕೆಲಸದ ಶ್ರಮವನ್ನೇ ಪ್ರೀತಿಸುವುದು ಇನ್ನೊಂದು. ಚಪ್ಪಾಳೆಯನ್ನು ಬಯಸದವರಾರು? ನಸುಕಿನಲ್ಲಿ ಎದ್ದು, ಯಾರೂ ಕೇಳದಿರುವಾಗ, ಅದೇ ಸ್ವರವನ್ನು ನೂರು ಬಾರಿ ಸಾಧಿಸುವವರು ಕೆಲವರೇ. ಮೊದಲನೆಯದು ಆಸೆ, ಎರಡನೆಯದನ್ನು ಮಾತ್ರ ವೃತ್ತಿಯ ಬೀಜವೆನ್ನಬಹುದು.

ಆ ಬೀಜಕ್ಕೂ ನೆಲ ಬೇಕು. ಸಾಗರದ ಬಳಿಯ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ವ್ಯಾಸಂಗ ಮಾಡಿಯೂ ಹಳ್ಳಿಯನ್ನು ಬಿಡಲಿಲ್ಲ. ಅಡಕೆಯ ತೋಟದ ಬಾಳನ್ನು ಉಳಿಸಿಕೊಂಡೇ, 1949ರಲ್ಲಿ ಆರಂಭವಾದ ನೀನಾಸಂ ನಾಟಕಸಂಘವನ್ನು ಬೆಳೆಯಿಸಿದರು. ರಂಗಶಿಕ್ಷಣ ಕೇಂದ್ರವು ಹುಟ್ಟುವ ಹೊತ್ತಿಗೆ ಮೂವತ್ತು ವರ್ಷಗಳು ಕಳೆದಿದ್ದುವು. ಮ್ಯಾಗ್ಸೇಸೆ ಪ್ರಶಸ್ತಿಯು ಬಂದುದು 1991ರಲ್ಲಿ. ಒಲವಿಗೂ ಜೀವನೋಪಾಯಕ್ಕೂ ವೈರವಿರಲೇಬೇಕೆಂಬ ನಿಯಮವಿಲ್ಲ. ಒಂದು ಇನ್ನೊಂದಕ್ಕೆ ಆಸರೆಯಾಗಿ ನಿಲ್ಲಬಹುದು.

ಆದಕಾರಣ ತರುಣರು ತಮ್ಮನ್ನು ಕೇಳಿಕೊಳ್ಳಬೇಕಾದುದು ‘ನನಗೆ ಏನು ಇಷ್ಟ?’ ಎಂದಲ್ಲ, ‘ಯಾವ ಕೆಲಸದ ಬೇಸರವನ್ನು ನಾನು ಸಂತೋಷದಿಂದ ಸಹಿಸಬಲ್ಲೆ?’ ಎಂದು. ಹಿರಿಯರು ಮಾಡಬಹುದಾದ ಉಪಕಾರವೂ ಒಂದುಂಟು: ಒಡನೆಯೇ ಬೇಡವೆನ್ನದೆ, ಒಂದೆರಡು ವರ್ಷಗಳ ಅವಕಾಶವನ್ನೂ ಎರಡು ಹೊತ್ತಿನ ಊಟವನ್ನೂ ಕೊಟ್ಟು ನೋಡುವುದು. ಆಸೆ ಮಾತ್ರವಾಗಿದ್ದರೆ ಅಷ್ಟರಲ್ಲಿ ಅದು ತಾನಾಗಿ ಆರೀತು. ಆರದೆ ಉಳಿದರೆ, ಅದನ್ನು ನಂದಿಸುವ ಹಕ್ಕು ನಮಗಿಲ್ಲ.