ಚಳಿ ಬಂತು, ಹಿತ್ತಲಕ್ಕ ಹಸಿರು ಬಂತು

ಅಕ್ಕಲಕೋಟ: ದೀಪಾವಳಿಯ ಪಣತಿ ಒಳಗೆ ಎತ್ತಿಟ್ಟ ವಾರದೊಳಗೆ ಈ ಭಾಗದ ಓಣಿಗಳಲ್ಲಿ ಹೆಣ್ಮಕ್ಕಳ ಮಾತು ಬದಲಾಗುತ್ತದೆ. ‘ಮೆಂತೆ ಹಾಕೀರೇನ್ರಿ ವೈನಿ?’ ‘ಎಲ್ಲಿದ್ರೀ, ಮಡಿನೇ ಇನ್ನಾ ಮಾಡಿಲ್ಲ’ ಎಂಬ ವಿಚಾರಣೆ ಗೋಡೆಯ ಈಚೆಯಿಂದ ಆಚೆಗೆ ನಡೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂದರೆ ತೋಟದ ಬಾಗಿಲು ಹಾಕುತ್ತಾರಂತೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಹಿತ್ತಲದ ಬಾಗಿಲು ತೆರೆಯುವುದೇ ಚಳಿಗೆ.

ಇದು ಮಳೆನೆರಳಿನ ನಾಡು. ಜೂನ್, ಜುಲೈ ಮೋಡ ನೋಡೂದರಾಗೇ ಹೋಗುತ್ತವೆ. ಸುರಿದರೆ ಸೆಪ್ಟೆಂಬರದಾಗ ಸುರಿಯಬೇಕು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರಿನಲ್ಲಿ ಮಾತ್ರ ರಾತ್ರಿ 15ರ ಆಸುಪಾಸು, ಮಧ್ಯಾಹ್ನ 30ರ ಆಸುಪಾಸು. ಮನುಷ್ಯರಿಗೆ ಹಿತವಾದ ಈ ಹವಾ ಸೊಪ್ಪುಪಲ್ಯಕ್ಕೂ ಹಿತ. ಹೊಲದ ಲೆಕ್ಕವೂ ಇದೇ ಅಲ್ಲವೇ? ಹಿಂಗಾರಿ ಜೋಳ, ಮಳೆ ನಿಂತ ಮೇಲೆ ಎರಿಭೂಮಿ ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಮಂಗಳವೇಢೆಯ ಜೋಳ ಬೆಳೆಯುವುದೂ ಹೀಗೆಯೇ.

ಬೇಸಿಗೆಯಲ್ಲಿ ಎಷ್ಟು ಕೊಡ ನೀರು ಸುರಿದರೂ ಆಗದ ಕೆಲಸ ಈಗ ತಾನಾಗಿ ಆಗುತ್ತದೆ. ಬಿಸಿಲು ಜೋರಾದರೆ ಕೊತ್ತಂಬರಿ ಎಲೆ ಬಿಡೂದು ಬಿಟ್ಟು ಹೂವಿಗೆ ಹೋಗುತ್ತದೆ. ರಾತ್ರಿ ಸೆಕೆ ಇದ್ದರೆ ಟೊಮೆಟೊ ಹೂವು ಉದುರಿಸುತ್ತದೆ. ಅದಕ್ಕೇ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಈ ಸುಮಾರು ನಾಲ್ಕು ತಿಂಗಳು ತಪ್ಪಿದರೆ ಹಿತ್ತಲಕ್ಕೆ ಮತ್ತೆ ಒಂದು ವರ್ಷ ಕಾಯಬೇಕು.

ಕೊಡದ ಲೆಕ್ಕ

‘ಕುಡಿಯಾಕ ನೀರಿಲ್ಲ, ಗಿಡಕ್ಕ ಎಲ್ಲಿಂದ ತರೂದ್ರಿ?’ ಎಂದು ಕೇಳುವವರಿದ್ದಾರೆ. ನಳ ದಿನಾ ಬಾರದ ಊರಿನಲ್ಲಿ ಈ ಪ್ರಶ್ನೆ ಸುಳ್ಳಲ್ಲ. ಆದರೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಒಂದು ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಒಂದು ಕೊಡ ಸಾಕು. ಅದೇ ಮಡಿ ಮೇ ತಿಂಗಳಲ್ಲಿ ಎರಡು ಕೊಡ ಕುಡಿದರೂ ಬಾಡಿ ನಿಲ್ಲುತ್ತದೆ. ಅಕ್ಕಿ, ಬ್ಯಾಳಿ, ಕಾಯಿಪಲ್ಯ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಬಕೆಟ್‌ನಲ್ಲಿ ಹಿಡಿದರೆ ಆ ಕೊಡದ ದೊಡ್ಡ ಪಾಲು ಅಡಿಗಿಮನಿಯೊಳಗೇ ಸಿಗುತ್ತದೆ.

ಬಚ್ಚಲ ನೀರಿನ ವಿಷಯ ಬೇರೆ. ಸಾಬೂನಿನ ನೀರು ಬಾಳಿ, ನುಗ್ಗಿ, ಪೇರಲ, ಕರಿಬೇವಿನ ಬುಡಕ್ಕೆ ನಡೆಯುತ್ತದೆ, ಹಳೆಯ ಮನೆಗಳಲ್ಲಿ ಬಚ್ಚಲ ಹಿಂದೆ ಬಾಳಿ ಇರುತ್ತಿದ್ದುದು ಸುಮ್ಮನೆ ಅಲ್ಲ. ಸೊಪ್ಪಿನ ಮಡಿಗೆ ಅದು ಬೇಡ. ಬಟ್ಟೆ ಒಗೆದ ಪುಡಿಯ ನೀರಂತೂ ಯಾವ ಗಿಡಕ್ಕೂ ದಿನಾ ಹಾಕಬಾರದು, ಮಣ್ಣು ಕೆಡುತ್ತದೆ.

ಎರಿಮಣ್ಣಿನದು ಒಂದು ಹಟ. ಒಣಗಿದರೆ ಬಿರುಕು ಬಿಡುತ್ತದೆ, ನೀರು ಹೆಚ್ಚಾದರೆ ಜಿಗುಟಾಗಿ ಬೇರು ಕೊಳೆಸುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪಿಗೊಬ್ಬರ, ಸ್ವಲ್ಪ ಮರಳು ಬೆರೆಸಿದರೆ ದಾರಿಗೆ ಬರುತ್ತದೆ. ಬೆರಳು ಒಂದು ಗೆಣ್ಣು ಇಳಿಸಿ ನೋಡಿ, ಒಳಗೆ ಹಸಿ ಇದ್ದರೆ ಅವತ್ತು ನೀರು ಬೇಡ.

ಮೆಂತೆ ಹಾಕೂದು ಎಲ್ಲಕ್ಕಿಂತ ಸಸಾರ. ಕಿರಾಣಿ ಅಂಗಡಿಯ ಮೆಂತೆಕಾಳೇ ಸಾಕು, ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದಲೋ ಲಟ್ಟಣಿಗಿಯಿಂದಲೋ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು. ಅದು ಎದ್ದು ಬರಲು ಹತ್ತು ದಿನ ಹಿಡಿಯುತ್ತದೆ, ಗಡಿಬಿಡಿ ಮಾಡಿ ಮಣ್ಣು ಕೆದರಬ್ಯಾಡ್ರಿ. ಮೂಲಂಗಿಗೆ ಒಂದೂವರೆ ತಿಂಗಳು, ಗಜ್ಜರಿಗೆ ಮೂರು. ಮೊಳಕೆ ಒಡೆದ ಉಳ್ಳಾಗಡ್ಡಿ ಬಿಸಾಡದೆ ಊರಿದರೆ ಹಸಿರು ತಪ್ಪಲು ಪುಕ್ಕಟೆ. ಬೀಜ ಎಲ್ಲಾ ಒಮ್ಮೆಲೆ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಹತ್ತು ದಿನಕ್ಕೊಂದು ಸಾಲಿನಂತೆ ಬಿತ್ತಿದರೆ ಶಿವರಾತ್ರಿವರೆಗೆ ತಾಟಿಗೆ ಹಸಿರು ತಪ್ಪುವುದಿಲ್ಲ.

ಚಳಿ ಹೆಚ್ಚಾಗಿ ಮೋಡ ಕವಿದಾಗ ಅವರಿ, ಬದನಿಗಳ ಕುಡಿಗೆ ಹೇನು ಮುತ್ತುತ್ತವೆ. ನಮ್ಮ ಕಡೆ ಮರಾಠಿಯಲ್ಲಿ ಇದಕ್ಕೆ ‘ಮಾವಾ’ ಎನ್ನುತ್ತಾರೆ. ಪಾನ್ ಅಂಗಡಿಯ ಮಾವಾದ ಹಂಗ ಇದೂ ಒಮ್ಮೆ ಹತ್ತಿದರೆ ಲಗೂ ಬಿಡೂದಿಲ್ಲ. ಕುಟ್ಟಿದ ಬೇವಿನ ಬೀಜ 50 ಗ್ರಾಂ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಸೋಸಿ, ಸಂಜಿ ಮುಂದ ಎಲೆಯ ಕೆಳಗೂ ಸಿಂಪಡಿಸಬೇಕು.

ರೊಕ್ಕದ ಮಾತಲ್ಲ

ಬಜಾರದಾಗ ಮೆಂತೆ ಪೆಂಡಿ ಅಗ್ಗ ಇದ್ದಾಗ ಈ ತ್ರಾಸು ಯಾಕೆ ಎನ್ನಬಹುದು. ಖರೇನೇ, ನಮ್ಮ ಹಿತ್ತಲ ಕೊಡುವ ಹೊತ್ತಿಗೇ ಬಜಾರದ ಸೊಪ್ಪಿನ ದರವೂ ಇಳಿದಿರುತ್ತದೆ. ಉಳಿತಾಯದ ಆಸೆಗೆ ಹಿತ್ತಲ ಮಾಡುವವರಿಗೆ ನಿರಾಸೆ ಖಚಿತ. ಆದರೆ ಒಲಿ ಮೇಲೆ ಒಗ್ಗರಣಿ ಇಟ್ಟು ಹಿತ್ತಲಕ್ಕೆ ಹೋಗಿ ಕಿತ್ತು ತಂದ ಸಬ್ಬಸಗಿಯ ವಾಸನಿ ಯಾವ ಪೆಂಡಿಗೂ ಇಲ್ಲ. ಮನೆಯ ಹಿರಿಯರಿಗೆ ಮುಂಜಾನೆ ಎಳೆ ಬಿಸಿಲಿನಾಗ ಕುಂತು ಕಳೆ ಕೀಳುವ ಒಂದು ಕೆಲಸ. ಎಳ್ಳ ಅಮಾಸಿಯ ಬಜ್ಜಿಗೆ, ಭೋಗಿಯ ಪಲ್ಯಕ್ಕೆ ಅವರಿಕಾಯಿ, ಗಜ್ಜರಿ, ಬದನಿಕಾಯಿ, ಹಸಿ ಕಡ್ಲಿ ಇವೆಲ್ಲ ಒಂದೇ ವಾರಕ್ಕೆ ಕೂಡಿ ಬರುವುದು ಈ ಕಾಲದಲ್ಲೇ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ಸಿದ್ಧರಾಮೇಶ್ವರರ ಗಡ್ಡಿ ಜಾತ್ರಿಗೆ ಹೊರಡುವ ಮನೆಗಳಲ್ಲಿ ಆ ಪಲ್ಯದ ಒಂದು ಹಿಡಿಯಾದರೂ ಸ್ವಂತ ಹಿತ್ತಲದ್ದು ಇದ್ದರೆ ಅದರ ಗತ್ತೇ ಬೇರೆ.

ಇನ್ನೊಂದು ಲಾಭ ನಾವು ಗಡಿಯವರಿಗಷ್ಟೇ ತಿಳಿಯುವಂಥದ್ದು. ಮಂಡಿಯಲ್ಲಿ ಮೆಂತೆ ಮೇಥಿಯಾಗುತ್ತದೆ, ಸಬ್ಬಸಗಿ ಶೇಪು, ಪುಂಡಿ ಅಂಬಾಡಿ, ಚವಳಿಕಾಯಿ ಗವಾರ. ಮರಾಠಿಯೂ ನಮ್ಮದೇ ಬಾಯಿಯ ಮಾತು, ಅದರ ಬಗ್ಗೆ ತಕರಾರಿಲ್ಲ. ಆದರೆ ಸಂತಿ ಮಾತಿನಾಗ ಕನ್ನಡ ಹೆಸರು ಉಳಿಯೂದು ಕಷ್ಟ. ಹಿತ್ತಲದಾಗ ಉಳಿಯುತ್ತದೆ. ‘ಹೋಗವಾ, ನಾಕು ಎಸಳು ಪುಂಡಿಪಲ್ಯ ಹರಕೊಂಡು ಬಾ’ ಎಂದು ಆಯಿ ಕಳಿಸಿದ ಹುಡುಗಿ ಆ ಹೆಸರು ಮರೆಯುವುದಿಲ್ಲ. ಜಿಲ್ಲಾ ಪರಿಷತ್ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕಾಗಿ ‘ಪರಸಬಾಗ’ ಬೆಳೆಸಿ ಎಂದು ಮಹಾರಾಷ್ಟ್ರ ಸರ್ಕಾರವೇ ಹೇಳಿದೆ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳ ಗುರುಗಳು ಆ ಮಡಿಗಳ ಮುಂದೆ ಎರಡೂ ಭಾಷೆಯ ಹೆಸರಿನ ಚೀಟಿ ಊರಿದರೆ ಖರ್ಚೇನೂ ಇಲ್ಲ.

ಚಿಂತೆ ಇರುವುದು ನೀರಿಗಿಂತ ಫರ್ಸಿಯದು. ಹೊಸ ಮನೆ ಕಟ್ಟುವವರು ಗೋಡೆಯಿಂದ ಗೋಡೆಗೆ ಫರ್ಸಿ ಹಾಸಿಬಿಡುತ್ತಾರೆ, ಕೆಸರಾಗಬಾರದು ಎಂದು. ಕೆಸರಾಗದ ಅಂಗಳದಲ್ಲಿ ಮಳೆನೀರೂ ಇಂಗುವುದಿಲ್ಲ, ಬೇಸಿಗೆಯಲ್ಲಿ ಕಲ್ಲು ಕಾದು ರಾತ್ರಿಯೂ ಸೆಕೆ. ಗೌಂಡಿಗೆ ಮೊದಲೇ ಹೇಳಿ ಆ ನಾಲ್ಕು-ಆರು ಅಡಿ ಬಿಡಿಸಿಕೊಳ್ಳಬೇಕು, ಆಮೇಲೆ ಒಡೆಸುವವರು ಯಾರೂ ಇಲ್ಲ. ಈಗಾಗಲೇ ಹಾಸಿದವರು ಗಚ್ಚಿ ಮೇಲೆ ಬಣ್ಣದ ಹಳೆ ಡಬ್ಬಿಗಳನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಹಾಕಿ, ಮೆಂತೆಯಿಂದ ಶುರು ಮಾಡಬಹುದು. ಒಂದು ಡಬ್ಬಿಯಲ್ಲಿ ಶೇವಂತಿಗೆಯೂ ಇರಲಿ, ದೇವರಿಗೆ ಆಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಎಲ್ಲವನ್ನೂ ಕಿತ್ತು ತಿನ್ನಬೇಡಿ. ಚಲೋ ಬೆಳೆದ ನಾಲ್ಕು ಮೆಂತೆ ಗಿಡ, ಎರಡು ಕೊತ್ತಂಬರಿ, ಒಂದು ಅವರಿ ಬಳ್ಳಿ ಬಿಟ್ಟರೆ ಶಿವರಾತ್ರಿ ಹೊತ್ತಿಗೆ ಬೀಜ ಬಲಿಯತೊಡಗುತ್ತವೆ. ಪೂರ್ತಿ ಒಣಗಿದ ಮೇಲೆ ನೆರಳಿನಲ್ಲಿ ಆರಿಸಿ, ಬೂದಿ ಸವರಿ, ಅರಿವಿಯಲ್ಲಿ ಗಂಟು ಕಟ್ಟಿ ಮಾಡದಾಗ ಇಡಿ. ಹೈಬ್ರಿಡ್ ಪಾಕೀಟಿನ ಟೊಮೆಟೊ ಬೀಜ ಹೀಗೆ ಉಳಿಸಿದರೆ ಮರುವರ್ಷ ಅದೇ ಹಣ್ಣು ಬರುವುದಿಲ್ಲ, ಜವಾರಿ ಬೀಜಕ್ಕಾದರೆ ಆ ಭಯವಿಲ್ಲ.